ನೀವು ಮಾಡದ ಪಾಪಗಳು

ಮಂಗಳವಾರ, ಮಧ್ಯಾಹ್ನದ ಬಿಡುವು
ಲಾಂಡ್ರಿಯ ಹಿಂದಿನ ಕೋಣೆ

ಸಭೆ ಸಭೆಗಳಲ್ಲಿ ಮಹಾಪಾಪಿಯೆಂದು ಹೆಸರು ಮಾಡಿರುವ ನನ್ನ ಯಜಮಾನರಿಗೆ, ಇನ್ನೂ ಹೆಂಡತಿಯೇ ಆಗಿ ಉಳಿದಿರುವವಳ ವಂದನೆಗಳು.

ನಿಮ್ಮ ಕಾಗದ ಬಂತು. ಶನಿವಾರ ಚರ್ಚಿನ ದೊಡ್ಡ ಕೂಟದಲ್ಲಿ ನಾನು ವೇದಿಕೆ ಹತ್ತಿ, ನಿಮ್ಮನ್ನು ಕ್ಷಮಿಸಿದ್ದೇನೆಂದು ನಾಲ್ಕು ಮಾತು ಹೇಳಬೇಕಂತೆ. ಮಗಳನ್ನೂ ಕರೆತರಬೇಕಂತೆ. ಅವಳು ಪಕ್ಕದಲ್ಲಿ ಸುಮ್ಮನೆ ನಿಂತರೆ ಸಾಕು, ಮಾತಾಡುವುದು ಬೇಡವಂತೆ. ಆ ಒಂದು ಸಾಲು ಓದಿ ಮೈಯೆಲ್ಲ ಉರಿದುಹೋಯಿತು. ಇಲ್ಲದಿದ್ದರೆ ನಿಮಗೆ ಉತ್ತರ ಬರೆಯುವ ಪುರುಸೊತ್ತು ನನಗೆಲ್ಲಿತ್ತು?

ಹೋದ ತಿಂಗಳು ನೀವು ವೇದಿಕೆಯಲ್ಲಿ ನಿಮ್ಮ ಹಳೆಯ ಬಾಳಿನ ಸಾಕ್ಷಿ ಹೇಳುವುದನ್ನು ಕೇಳಲು ಬಂದಿದ್ದೆ, ನಿಮಗೆ ಗೊತ್ತಿಲ್ಲ. ಹಿಂದಿನ ಬೆಂಚಿನಲ್ಲಿ ಕಂಬದ ಮರೆಗೆ ಕೂತಿದ್ದೆ. ನೀವು ದಿನಾ ಕುಡಿದು ತೂರಾಡುತ್ತಿದ್ದಿರಂತೆ. ಹೆಂಡತಿಯ ಜಡೆ ಹಿಡಿದು ಬಡಿಯುತ್ತಿದ್ದಿರಂತೆ. ಕಡೆಗೊಂದು ದಿನ ಚರಂಡಿಯಲ್ಲಿ ಬಿದ್ದಿದ್ದಾಗ ಬೆಳಕು ಕಂಡಿತಂತೆ. ಅಲ್ಲ, ಕೆಮ್ಮಿನ ಔಷಧಿ ಎರಡು ಚಮಚ ಕುಡಿದರೆ ಗೋಡೆ ಹಿಡಿದು ನಡೆಯುವ ಗಂಡಸು ನೀವು. ನನ್ನ ಮೇಲೆ ಕೈ ಎತ್ತುವುದಿರಲಿ, ಜಿರಳೆ ಹೊಡೆಯುವುದಕ್ಕೂ ನನ್ನನ್ನೇ ಕೂಗುತ್ತಿದ್ದಿರಿ. ಚರಂಡಿಗೆ ಬಿದ್ದದ್ದು ಮಾತ್ರ ನಿಜ. ಹೊಸ ಚಪ್ಪಲಿ ಜಾರಿ, ಹಾಡಹಗಲಲ್ಲಿ.

ಸುತ್ತ ಕೂತವರು ಮೂಗು ಒರೆಸಿಕೊಂಡು ಅಳುತ್ತಿದ್ದರು. ಹರಾಜು ಕೂಗಿಯೇ ಹೊಟ್ಟೆ ಹೊರೆದವರಲ್ಲವೇ ನೀವು, ಕಾಲು ಮುರಿದ ಕುರ್ಚಿಯನ್ನೂ ರಾಜರ ಕಾಲದ್ದೆಂದು ಮಾರಿದವರು. ಪಾಪದ ಬೆಲೆ ಏರಿಸುವುದು ನಿಮಗೆ ಯಾವ ಮಹಾ ಕೆಲಸ.

ಈಗ ಲಾಂಡ್ರಿಯಲ್ಲಿ ನನ್ನನ್ನು ನೋಡುವ ಕಣ್ಣೇ ಬೇರೆ. ತೋಳಿನ ಮೇಲಿನ ಕಲೆ ಇಸ್ತ್ರಿಪೆಟ್ಟಿಗೆ ಸುಟ್ಟದ್ದು ಅಂದರೆ ಒಬ್ಬರೂ ನಂಬುವುದಿಲ್ಲ. ಗಂಡನನ್ನು ಬಿಟ್ಟುಕೊಡುವುದಿಲ್ಲ ನೋಡು ಪುಣ್ಯಾತ್ಗಿತ್ತಿ ಎಂದು ಪಿಸುಗುಟ್ಟಿ, ಭಾರದ ಹೊದಿಕೆಗಳನ್ನು ನನ್ನ ಮೇಜಿನಿಂದ ತಾವೇ ಎತ್ತಿಕೊಂಡು ಹೋಗುತ್ತಾರೆ.

ಸಭಾಪಾಲಕರ ಹತ್ತಿರ ಹೋಗಿ, ಇದೆಲ್ಲ ಸುಳ್ಳು ಅಂದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ನಿಮ್ಮ ಯಜಮಾನರ ಮಾತು ಕೇಳಿ ಎಷ್ಟೋ ಮಂದಿ ಕುಡಿತ ಬಿಟ್ಟಿದ್ದಾರೆ, ನಾವು ಫಲ ನೋಡಬೇಕಮ್ಮ ಅಂದರು. ಬಿಟ್ಟಿದ್ದರೆ ಸಂತೋಷ. ಬೈಬಲಿನಲ್ಲಿ ದೇವರು ಕತ್ತೆಯ ಬಾಯಲ್ಲೂ ಮಾತಾಡಿಸಿದ್ದಾನೆ. ಆದರೆ ಆ ಕತ್ತೆ, ತಾನು ಹಿಂದೆ ಹುಲಿಯಾಗಿದ್ದೆ ಎಂದು ಹೇಳಿಕೊಳ್ಳಲಿಲ್ಲ.

ಮಾಡದ ಪಾಪಕ್ಕೆ ಪಶ್ಚಾತ್ತಾಪ ಪಡುವುದು ಸುಲಭ ರೀ, ಅದು ಎಲ್ಲೂ ಸುಡುವುದಿಲ್ಲ. ಮಾಡಿದ್ದನ್ನು ಹೇಳಿ ನೋಡೋಣ. ಮರೆತಿದ್ದರೆ ನಾನೇ ನೆನಪಿಸುತ್ತೇನೆ.

ನಮ್ಮ ಪುಟ್ಟಿಗೆ ಮಾತು ತೊದಲುತ್ತಿತ್ತು. ಊಟಕ್ಕೆ ಕೂತಾಗ ನೀರು ಕೇಳಲು ಬಾಯಿ ತೆರೆದರೆ ಮೊದಲ ಅಕ್ಷರವೇ ಸಿಕ್ಕಿಕೊಳ್ಳುತ್ತಿತ್ತು. ನೀವು ಸೌಟು ಎತ್ತಿ ಹರಾಜು ಕೂಗುತ್ತಿದ್ದಿರಿ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಟಣ್ ಎಂದು ಪಾತ್ರೆಗೆ ಬಡಿದು, ಮಾತು ಹೋಯಿತು ಎಂದು ಹೇಳಿ ಬೇರೆ ವಿಷಯ ಎತ್ತುತ್ತಿದ್ದಿರಿ. ಬಂದ ನೆಂಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೇಡ ಅಂದಾಗಲೆಲ್ಲ ನನಗೆ ಒಂದೇ ಉತ್ತರ: ತಮಾಷೆಗೆ ಕಣೇ, ಮಕ್ಕಳು ಗಟ್ಟಿಯಾಗಬೇಕು.

ಆಮೇಲೆ ಚರ್ಚಿನಲ್ಲಿ ಮಕ್ಕಳ ಭಾನುವಾರ ಬಂತು. ಅವಳು ಒಂದು ಕೀರ್ತನೆ ಬಾಯಿಪಾಠ ಮಾಡಿದ್ದಳು. ವಾರಗಟ್ಟಲೆ ಅಡುಗೆಮನೆಯಲ್ಲಿ ನನಗೆ ಒಪ್ಪಿಸಿ ಒಪ್ಪಿಸಿ, ಎಲ್ಲೂ ತಡೆಯದೆ ಹೇಳುವಷ್ಟಾಗಿತ್ತು. ಸಭೆಯ ಮುಂದೆ ನಿಂತಾಗ ಮೊದಲ ಪದಕ್ಕೇ ನಿಂತಿತು. ಇನ್ನೊಂದು ಉಸಿರು ಎಳೆದುಕೊಂಡಿದ್ದರೆ ಬಂದೇಬಿಡುತ್ತಿತ್ತು. ನೀವು ಮುಂದಿನ ಬೆಂಚಿನಿಂದ ಮೆಲ್ಲಗೆ "ಒಂದು ಸಾರಿ" ಅಂದಿರಿ. ಇಡೀ ಚರ್ಚು ನಕ್ಕಿತು. ಮಗು ಕೆಳಗಿಳಿದು ಬಂತು.

ಅವತ್ತಿನಿಂದ ಅವಳು ನಿಮ್ಮೆದುರು ಬಾಯಿ ತೆರೆಯಲಿಲ್ಲ. ನಿಮಗದು ಗೊತ್ತಾಯಿತೋ ಇಲ್ಲವೋ ದೇವರಿಗೇ ಗೊತ್ತು. ಈ ಮನೆಯಲ್ಲಿ ಆತ್ಮಿಕ ವಾತಾವರಣವಿಲ್ಲ ಎಂದು ಹೇಳಿ ನೀವು ಪೆಟ್ಟಿಗೆ ಎತ್ತಿಕೊಂಡು ಹೋದಿರಿ. ಅವಳೀಗ ದಂತವೈದ್ಯರೊಬ್ಬರ ಹತ್ತಿರ ಹಲ್ಲಿನ ಅಚ್ಚು ಎರೆಯುತ್ತಾಳೆ. ಒಳಕೋಣೆಯ ಕೆಲಸ, ಯಾರ ಜೊತೆಗೂ ಮಾತಾಡಬೇಕಿಲ್ಲ. ಅದಕ್ಕೆಂದೇ ಹಿಡಿದಳು.

ಇದನ್ನು ವೇದಿಕೆಯಲ್ಲಿ ಹೇಳಿದರೆ ಯಾರೂ ಅಳುವುದಿಲ್ಲ ಎಂದು ನಿಮಗೆ ಗೊತ್ತು. ಕುಡುಕನಾಗಿದ್ದೆ ಅಂದರೆ ಹಲ್ಲೆಲೂಯ ಅನ್ನುತ್ತಾರೆ. ಸ್ವಂತ ಮಗುವನ್ನು ನಗೆಪಾಟಲು ಮಾಡಿದೆ ಅಂದರೆ ಕೈ ಕುಲುಕುವುದಕ್ಕೂ ಹಿಂದೆಮುಂದೆ ನೋಡುತ್ತಾರೆ. ಸಣ್ಣ ಮನುಷ್ಯ ನೀವು. ಮಾಡಿದ ಪಾಪವನ್ನಾದರೂ ನಿಮ್ಮದೆಂದು ಒಪ್ಪಿಕೊಳ್ಳುವ ಯೋಗ್ಯತೆ ಇಲ್ಲ.

ನಾನು ಬರುವುದಿಲ್ಲ. ಅವಳನ್ನು ಕಳಿಸುವುದೂ ಇಲ್ಲ. ಹೊಡೆಯದ ಏಟನ್ನು ನಾನು ಹೇಗೆ ಕ್ಷಮಿಸಲಿ? ಯಾರನ್ನಾದರೂ ಬಾಡಿಗೆಗೆ ತಂದು ನಿಲ್ಲಿಸಿಕೊಳ್ಳಿ, ನಿಮ್ಮ ಕಥೆಗೆ ತಕ್ಕ ಹೆಂಡತಿ ಸಿಕ್ಕೇ ಸಿಗುತ್ತಾಳೆ.

ಇಂತಿ,
ನಿಮ್ಮಿಂದ ಒಂದೇಟೂ ತಿನ್ನದ ಹೆಂಡತಿ

ತಾ.ಕ.: ಅಂಚೆಗೆ ಹಾಕುವ ಮೊದಲು, ಸಂಜೆ ಇದನ್ನು ಮಗಳ ಕೈಗೆ ಕೊಟ್ಟೆ. ಅವಳದೇ ವಿಷಯ, ಅವಳು ಓದದೆ ಕಳಿಸಬಾರದು ಅನಿಸಿತು. ಓದಿ ಮಡಚಿಟ್ಟು, ಶನಿವಾರ ಹೋಗೋಣ ಅಂದಳು. ನನಗೆ ಸಿಟ್ಟು ಬಂತು. ಅಲ್ಲಿ ಹೋಗಿ ಏನು ಮಾಡುತ್ತೀಯೇ ಎಂದು ರೇಗಿದೆ. ಅವಳು ತಡೆದು ತಡೆದು, ನಡುವೆ ಮತ್ತೆ ಮೊದಲಿನಿಂದ ಶುರುಮಾಡಿ, ಹೇಳಿ ಮುಗಿಸಿದಳು: "ಅಪ್ಪನ್ನ ಕ್ಷಮಿಸಿದ್ದೀನಿ ಅಂತ ಹೇಳ್ತೀನಿ. ಯಾವುದಕ್ಕೆ ಅಂತಾನೂ ಹೇಳ್ತೀನಿ." ನಿಜವಾಗಿಯೂ ಕ್ಷಮಿಸಿದ್ದೀಯಾ ಎಂದು ಕೇಳಿದೆ. ತಲೆಯಾಡಿಸಿದಳು. ಯಾವಾಗ ಕ್ಷಮಿಸಿದಳೋ, ನನಗಂತೂ ಹೇಳಿರಲಿಲ್ಲ. ನನ್ನ ಕೈಲಿ ಇನ್ನೂ ಆಗಿಲ್ಲ. ಇಬ್ಬರೂ ಬರುತ್ತೇವೆ. ಮೈಕನ್ನು ಸ್ವಲ್ಪ ಇಳಿಸಿಡಿ, ಅವಳು ನಿಮ್ಮಷ್ಟು ಎತ್ತರವಿಲ್ಲ.