ಎರಡರಲ್ಲಿ ಭಾರದ್ದು

ಘಣಸೋಲಿ
೧೧ ನವೆಂಬರ್ ೨೦೧೪

ಅಪ್ಪ,

ತೀರ್ಥರೂಪರಿಗೆ ಎಂದು ಬರೆಯಲು ಈ ಸಲ ಕೈ ಬರುತ್ತಿಲ್ಲ.

ಕಲ್ಯಾಣದ ಶೋರೂಮಿನಲ್ಲಿ ನಾನು ಬುಕ್ ಮಾಡಿದ್ದ ಬೈಕನ್ನು ನನಗೆ ಹೇಳದೆ ರದ್ದು ಮಾಡಿಸಿದಿರಿ. "ಹೆಣ್ಣುಮಗಳಿಗೆ ಅಷ್ಟು ದೊಡ್ಡ ಗಾಡಿ ಎಂತಕ್ಕೆ ಮಾರಾಯ್ರೆ, ಸ್ಕೂಟರ್ ಕೊಡಿ" ಎಂದಿರಂತೆ.

ಎರಡು ಬೈಕುಗಳನ್ನು ಓಡಿಸಿ ನೋಡಿಯೇ ನಾನು ಆರಿಸಿದ್ದೆ. ಹಗುರದ್ದು ಠಾಣೆ ನಗರದ ಟ್ರಾಫಿಕ್ಕಿಗೆ ಸುಲಭ, ಆದರೆ ಪನ್ವೇಲ್ ದಾಟಿ ವೇಗ ಹೆಚ್ಚಿಸಿದರೆ ನಡುಗುತ್ತದೆ. ಭಾರದ್ದರ ಕ್ಲಚ್ ಹಿಡಿದು ಸಿಗ್ನಲ್ಲುಗಳಲ್ಲಿ ಕೈ ನೋಯುತ್ತದೆ, ಹೈವೇಯಲ್ಲಿ ಮಾತ್ರ ಅದು ಅಲುಗುವುದಿಲ್ಲ. ನೋಯುವುದು ನನ್ನ ಕೈ. ನಿನ್ನೆ ಬೇಲಾಪುರದಲ್ಲಿ ಭಾರದ್ದನ್ನೇ ತೆಗೆದುಕೊಂಡೆ.

ದೊಡ್ಡಮ್ಮನ ಮನೆಗೆಂದು ನಿಮಗೆ ಹೇಳಿ ಹೊರಟ ಅಮ್ಮ ಇಲ್ಲಿ ನನ್ನ ಜೊತೆ ಇದ್ದಾರೆ. ಅವರ ಬಿ.ಪಿ. ಮಾತ್ರೆ ಮತ್ತು ಕನ್ನಡಕವನ್ನು ಪಕ್ಕದ ಮನೆಯ ಜಯೇಶಣ್ಣನ ಕೈಯಲ್ಲಿ ಕಳಿಸಿ. ಬೇರೇನೂ ಬೇಡವಂತೆ. ನೀವು ಬರುವುದೂ ಬೇಡ.

ಭಾನುವಾರ ನಾವಿಬ್ಬರೂ ಇದೇ ಬೈಕಿನಲ್ಲಿ ಉಡುಪಿಗೆ ಹೊರಡುತ್ತೇವೆ. ಅಮ್ಮ ಯಾವಾಗ ವಾಪಸು ಬರುತ್ತಾರೆಂದು ನನ್ನನ್ನು ಕೇಳಬೇಡಿ, ಅವರು ಹೇಳಿಲ್ಲ. ನಿನ್ನೆ ಸಂಜೆ ಅವರನ್ನು ಹಿಂದೆ ಕೂರಿಸಿಕೊಂಡು ಪಾಮ್ ಬೀಚ್ ರಸ್ತೆಯಲ್ಲಿ ಒಂದು ಸುತ್ತು ಬಂದೆ. ಹೆದರಿಕೆ ಆಯಿತಾ ಎಂದು ಕೇಳಿದೆ.

"ಹೆದರಿಕೆ ಮನೆಯಲ್ಲಿ ಆಗ್ತದೆ ಮಗಾ, ಇಲ್ಲಿಲ್ಲ" ಎಂದರು.

ಪ್ರೇಕ್ಷಾ