ಎಂಟನೆಯವರು ಕೂತ ಜಾಗ

ಮೈದುನನಿಗೆ ಅತ್ತಿಗೆಯ ಆಶೀರ್ವಾದ.

ನಿಮ್ಮ ಸಂಘಟನೆಯ ಐವತ್ತನೇ ವರ್ಷದ ಸಂಚಿಕೆಗೆ ನಾನು ಬರೆದ ಲೇಖನವನ್ನು ನೀನು ಮೂರನೇ ಸಲ ತಿದ್ದಿ ಕಳಿಸಿದ್ದೀಯ. ನನಗೆ ಸಾಕಾಗಿ ಹೋಗಿದೆ. "ಹುಟ್ಟು, ಗುರಿ ಎರಡನ್ನೂ ಬರೀರಿ ಅತ್ತಿಗೆ. ಮೊದಲ ಸಭೆ ನೋಡಿದವರು ಮನೇಲಿ ನೀವೊಬ್ಬರೇ ಉಳಿದಿರೋದು" ಎಂದು ದುಂಬಾಲು ಬಿದ್ದವನು ನೀನೇ.

ನೋಡಿದ್ದನ್ನೇ ಬರೆದೆ. ನಮ್ಮ ಮಹಡಿಯ ಕೋಣೆಯಲ್ಲಿ ಮಾವನವರು ಏಳು ಜನರನ್ನು ಚಾಪೆಯ ಮೇಲೆ ಕೂರಿಸಿಕೊಂಡು, ಹಿಂದೂಗಳೆಲ್ಲ ಜಾತಿ ಮರೆತು ಒಂದಾಗಬೇಕು, ದೇಶ ಹಿಂದೂರಾಷ್ಟ್ರವಾಗಬೇಕು ಎಂದು ಠರಾವು ಬರೆಸಿದರು. ಎಂಟನೆಯವರಾಗಿ ಬಂದ ಚಪ್ಪಲಿ ಹೊಲಿಯುವವರೊಬ್ಬರು ಹೊರಗೆ ಮೆಟ್ಟಿಲ ಮೇಲೆ ಕೂತು ಅದಕ್ಕೆ ಕೈಯೆತ್ತಿದರು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ನೀನು ಅವರ ಹೆಸರನ್ನು ಉಳಿಸಿಕೊಂಡು ಮೆಟ್ಟಿಲನ್ನು ಮಾತ್ರ ಹೊಡೆದುಹಾಕುತ್ತೀಯ. "ಎಲ್ಲರೂ ಒಂದು ಅನ್ನೋ ಕಡೆ ಅದ್ಯಾಕೆ ಅತ್ತಿಗೆ?" ಅನ್ನುತ್ತೀಯ. ತಲೆ ಚಿಟ್ಟು ಹಿಡಿದು, ನಿನ್ನೆ ಅವರನ್ನೇ ಕೇಳಲು ಅಂಗಡಿಗೆ ಹೋದೆ. ಕೈಯಲ್ಲಿದ್ದ ಚಪ್ಪಲಿ ಕೆಳಗಿಡದೆ ಹೇಳಿದರು: "ನನ್ನ ಹೆಸರು ಹಾಕೋದಾದ್ರೆ ಕೂತಿದ್ದ ಜಾಗಾನೂ ಹಾಕಮ್ಮ. ಇಲ್ಲಾಂದ್ರೆ ಎರಡೂ ಬೇಡ."

ಆ ಮೆಟ್ಟಿಲಿನ ಸಾಲನ್ನು ಮತ್ತೆ ಸೇರಿಸಿ ಕಳಿಸಿದ್ದೇನೆ. ತೆಗೆಯಲೇಬೇಕೆಂದರೆ ಅವರ ಹೆಸರನ್ನೂ ತೆಗೆ, ನನ್ನದನ್ನೂ ತೆಗೆ. ಆದರೆ ಅವರಿಗೆ ನೀನೇ ಹೋಗಿ ಹೇಳಿ ಬಾ. ಹತ್ತು ಗಂಟೆಯ ಮೇಲೆ ಅಂಗಡಿಯಲ್ಲಿರುತ್ತಾರೆ. ಹೋದವರಿಗೆ ಮೊದಲು ಸ್ಟೂಲು ಕೊಟ್ಟು ಕೂರಿಸುತ್ತಾರೆ.

ಇತಿ,
ನಿನ್ನ ಅತ್ತಿಗೆ