ಕಾರ್ಡ್ ಇಲ್ಲದೆ ಮಾಡಿದ ಶಾಫ್ಟುಗಳು

ಕೋಥರೂಡ, ಪುಣೆ
14 ನವೆಂಬರ್ 1985, ಗುರುವಾರ

ಪ್ರೀತಿಯ ಅವ್ವಗೆ ನಿಜಲಿಂಗನ ನಮಸ್ಕಾರ.

ತವರಿನಲ್ಲಿ ಆಯಿಯ ಕಣ್ಣಿನ ಪಟ್ಟಿ ಬಿಚ್ಚಿದರೇ? ಆಪರೇಶನ್ ಆದಮೇಲೆ ಒಲೆಯ ಮುಂದೆ ಕೂರಬಾರದಂತೆ, ನೀನೇ ಗದರಿಸು. ಬಿಜಾಪುರದ ಚಳಿಗೆ ನಿನ್ನ ಮೊಣಕಾಲೂ ಜೋಪಾನ.

ಅಪ್ಪನನ್ನು ಮಂಗಳವಾರ ಕಂಪನಿ ಸಸ್ಪೆಂಡ್ ಮಾಡಿದೆ. ನನಗೆ ತಿಳಿಸಿದ್ದು ಗೇಟಿನ ಮಹಾಲಿಂಗ ಕಾಕಾ. ಅಪ್ಪ ಮನೆಗೆ ಬಂದು ಎಂದಿನಂತೆ ಅನ್ನಕ್ಕಿಟ್ಟಿದ್ದ. ಕಾರ್ಡ್ ಇಲ್ಲದೆ ಪಂಪಿನ ಶಾಫ್ಟ್ ಮಾಡಿ ರಾಶಿ ಹಾಕಿದ್ದು ಅವನ ಮೇಲಿನ ಆರೋಪ.

ಮೊದಲು ತಿಂಗಳ ಪ್ಲ್ಯಾನ್ ಒಂದೇ ಇತ್ತು. ಇಷ್ಟು ಮಾಡು ಅಂದರೆ ಬೇಕೋ ಬೇಡವೋ ಮಾಡುವುದು. ಈ ವರ್ಷ ಜಪಾನಿನವರ ಪದ್ಧತಿ ಎಂದು ಕಾರ್ಡ್ ತಂದರು. ಪಂಪ್ ಜೋಡಿಸುವವರು ಒಂದು ಪೆಟ್ಟಿಗೆ ಖಾಲಿ ಮಾಡಿ ಕಾರ್ಡ್ ಕಳಿಸಿದರೆ ಮಾತ್ರ ಇನ್ನೊಂದು ಪೆಟ್ಟಿಗೆ ಮಾಲು ಮಾಡಬೇಕು. ಕಾರ್ಡ್ ಬರದಿದ್ದರೆ ಮಶೀನ್ ನಿಲ್ಲಿಸಬೇಕು. ದಿನಾ ಹೋಗುವ ಮಾಲಿಗೆ ಕಾರ್ಡ್, ಅಪರೂಪದ ಆರ್ಡರಿಗೆ ಪ್ಲ್ಯಾನ್, ಹೀಗೆ ಬೇರೆ ಮಾಡಿದ್ದರೆ ಎರಡೂ ನಡೆಯುತ್ತಿದ್ದವು. ಮ್ಯಾನೇಜರ್ ಸಾಹೇಬರು ಅಪ್ಪನ ಲೇಥ್ ಮಶೀನಿಗೆ ಒಂದೇ ಮಾಲಿಗಾಗಿ ಎರಡನ್ನೂ ಹಚ್ಚಿದರು. ಕಾರ್ಡ್ ನಿಲ್ಲು ಅನ್ನುತ್ತದೆ. ತಿಂಗಳ ಕೊನೆಗೆ ಪ್ಲ್ಯಾನ್, ಮಾಲು ಯಾಕೆ ಕಡಿಮೆಯಾಯಿತು ಎಂದು ಕೇಳುತ್ತದೆ. ಸೂಪರ್‌ವೈಜರ್ ಅಪ್ಪಾಸಾಹೇಬ ನನ್ನೆದುರಿಗೇ ಅಪ್ಪನಿಗೆ ಹೇಳಿದ್ದ: "ಕಾರ್ಡ್ ಅತ್ಲಾಗಿರಲಿ ಸಿದ್ರಾಮಪ್ಪಾ, ನಂಬರ್ ಕಮಿ ಬಿದ್ದರ ಸಾಹೇಬ್ರು ನನ್ನ ಬಿಡೂದಿಲ್ಲ." ಅಪ್ಪನಿಗೂ ಕೈಕಟ್ಟಿ ನಿಲ್ಲಲು ಬರುವುದಿಲ್ಲ, ನೀನು ಬಲ್ಲೆ. "ಸುಮ್ಮ ನಿಂತು ಪಗಾರ ತಗೊಳ್ಳಾಕ ನಾ ಏನು ಜಹಾಗೀರದಾರನ?" ಎಂದು ನಕ್ಕು ಲೇಥ್ ಹಚ್ಚಿದ್ದ. ಅಷ್ಟರಲ್ಲಿ ಶಾಫ್ಟಿನ ಅಳತೆಯೇ ಬದಲಾಯಿತು, ಮಾಡಿದ್ದೆಲ್ಲ ಗುಜರಿ ಪಾಲು. ಅಪ್ಪಾಸಾಹೇಬ ಈಗ "ನಾ ಹೇಳೇ ಇಲ್ರಿ" ಅನ್ನುತ್ತಾನೆ. ಎರಡು ಪದ್ಧತಿ ಕೂಡಿಸಿದ ಸಾಹೇಬರನ್ನು ಯಾರೂ ಏನೂ ಕೇಳಿಲ್ಲ. ಅವರು ಮುಂದಿನ ತಿಂಗಳು ಬಾರಾಮತಿಯಲ್ಲಿ ಇದೇ ವಿಷಯದ ಮೇಲೆ ಭಾಷಣ ಮಾಡಲಿದ್ದಾರೆ.

ಆಯಿಗೆ, ಮಾಮಾಗೆ ನನ್ನ ನಮಸ್ಕಾರ ಹೇಳು. ಗಾಬರಿಯಾಗಿ ಬಸ್ ಹತ್ತಬೇಡ.

ನಿನ್ನ ಮಗ,
ನಿಜಲಿಂಗಪ್ಪ

ತಾ.ಕ.: ಕಾರ್ಡ್ ಹಂಚುವ ಗುಮಾಸ್ತ ನಾನೇ ಆದ್ದರಿಂದ ಕಂಪನಿಯ ಪರವಾಗಿ ನನ್ನನ್ನು ಸಾಕ್ಷಿ ಹಾಕಿದ್ದಾರೆ. ಕಾರ್ಡ್ ಕೊಟ್ಟಿರಲಿಲ್ಲ ಎಂದಷ್ಟೇ ಹೇಳಬೇಕಂತೆ. ಅಪ್ಪಾಸಾಹೇಬನ ಮಾತು ಎತ್ತಿದರೆ ನನ್ನ ನೌಕರಿ ಕಾಯಂ ಆಗುವುದಿಲ್ಲ. ಅಪ್ಪನಿಗೆ ತಿಳಿಸಿದೆ. "ಕಾರ್ಡ್ ಕೊಟ್ಟಿದ್ದಿಲ್ಲ ಅನ್ನೂದು ಖರೇನ ಅದ, ಅಷ್ಟ ಹೇಳು" ಅಂದ. ವಿಚಾರಣೆ ಸೋಮವಾರ ಹತ್ತು ಗಂಟೆಗೆ. ಮೊದಲ ಸಾಕ್ಷಿ ನಾನು.